ಹೂಳುವವರ ಕೂಟ

ಆ ಕಾಲದಲ್ಲಿ ಹರಿಹರದಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧದಷ್ಟಾದರೂ ಮೊದಲು ಕಂಡ ಮುಖ ಚೌರಮ್ಮನದು. ಲಿಂಗಾಯತರ ಓಣಿಯಿರಲಿ, ಮಂಡಕ್ಕಿ ಭಟ್ಟಿಗಳ ಸಾಲಿರಲಿ, ಸ್ಟೇಷನ್ನಿನ ಹಿಂದಿನ ಕ್ರೈಸ್ತರ ಕೇರಿಯಿರಲಿ, ಬಸುರಿಗೆ ನೋವು ಕಾಣಿಸಿಕೊಂಡರೆ ಸಾಕು, 'ಚೌರವ್ವನ್ನ ಕರೀರಿ' ಎಂದು ಯಾರಾದರೂ ಓಡಿ ಬರುತ್ತಿದ್ದರು. ಹೆರಿಗೆಯ ಹೊತ್ತಿಗೆ ಅವಳಿಗೆ ಜಾತಿಯಿಲ್ಲ. ಮಗು ಅತ್ತ ಕೂಡಲೇ ಜಾತಿ ಮತ್ತೆ ಬಂದು ಬಾಗಿಲಲ್ಲಿ ನಿಲ್ಲುತ್ತಿತ್ತು. ಒಳಗೆ ಕೂಸನ್ನು ಎತ್ತಿ ಕೊಟ್ಟವಳ ಸೆರಗಿಗೆ ಹೊರಗೆ ಜಗಲಿಯ ಮೇಲಿಂದ ಅಕ್ಕಿ ಸುರಿಯುತ್ತಿದ್ದರು, ಮೈಗೆ ಮೈ ತಾಗದ ಹಾಗೆ. ಚೌರಮ್ಮ ಅದಕ್ಕೆ ಬೇಸರ ಮಾಡಿಕೊಂಡವಳಲ್ಲ. ಬೇಸರ ಮಾಡಿಕೊಂಡು ಎಲ್ಲಿಗೆ ಹೋಗಬೇಕಿತ್ತು, ಪಾಪ?

ಅವಳದೇ ಬದುಕು ಹೇಳುವುದಾದರೆ ತೀರಾ ಸಣ್ಣದು. ಮನೆ ಆ ಕ್ರೈಸ್ತರ ಕೇರಿಯಲ್ಲೇ, ಗಂಡ ಅರುಳಪ್ಪ ರೈಲ್ವೆ ಗ್ಯಾಂಗಿನಲ್ಲಿದ್ದ. ಬೀರೂರಿನ ಕಡೆ ಹಳಿ ಕೆಲಸಕ್ಕೆಂದು ಹೋದವನು ಅಲ್ಲೇ ಜ್ವರ ಹತ್ತಿ ತೀರಿಕೊಂಡ. ಇವಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣೂ ಆಗಿಹೋಗಿತ್ತು. ಉಳಿದದ್ದು ಒಬ್ಬಳೇ ಮಗಳು, ಲೂರ್ದು. ಆರು ವರ್ಷದ ಹುಡುಗಿ, ಬಾಯಿ ಮಾತ್ರ ಅರವತ್ತರದು. ಒಂದು ಮಳೆಗಾಲದಲ್ಲಿ ಅವಳಿಗೂ ಜ್ವರ ಬಂತು. ಅದೇ ದಿನ ಭಟ್ಟಿ ಸಾಲಿನ ಖೈರುನ್ನೀಸಾಳಿಗೆ ಚೊಚ್ಚಲ ಹೆರಿಗೆ. ಕೂಸು ಕಾಲು ಮುಂದಾಗಿ ನಿಂತಿತ್ತು. ಮಗಳ ಹಣೆ ಮುಟ್ಟಿ ನೋಡಿ, 'ಸುಮ್ನೆ ಮಲಗಿರು, ಬಂದುಬಿಡ್ತೀನಿ' ಎಂದು ಹೇಳಿ ಹೋದ ಚೌರಮ್ಮ, ತಾಯಿ ಕೂಸು ಎರಡನ್ನೂ ಉಳಿಸಿ ಸಂಜೆ ಮನೆಗೆ ಬಂದರೆ ಅಂಗಳದ ತುಂಬ ಜನ ನಿಂತಿದ್ದರು. ಹುಡುಗಿ ಕೊನೇತನಕ 'ಅವ್ವ ಬಂದ್ಲಾ' ಎಂದು ಬಾಗಿಲು ನೋಡುತ್ತಿದ್ದಳಂತೆ. ಅದನ್ನು ಅವಳಿಗೆ ಹೇಳದೆ ಇದ್ದಿದ್ದರೆ ಆ ನೆರೆಮನೆಯವರ ಗಂಟೇನು ಹೋಗುತ್ತಿತ್ತೋ! ಜನಕ್ಕೆ ಎಲ್ಲವನ್ನೂ ಹೇಳಿಬಿಡುವ ಚಟ.

ಲೂರ್ದುವನ್ನು ಹೂಳಿದ್ದು ಹೊಳೆದಂಡೆಯಿಂದ ಸ್ವಲ್ಪ ಮೇಲೆ, ಶಿವಯೋಗಪ್ಪಗೌಡರ ಹತ್ತಿ ಹೊಲದ ಅಂಚಿಗಿದ್ದ ಸಮಾಧಿ ತೋಟದಲ್ಲಿ. ತೋಟವೆಂದರೆ ಹಾಗೆ ಕರೆಯುತ್ತಿದ್ದರು ಅಷ್ಟೆ. ಒಂದು ಹಳೆಯ ಬಾವಿ, ನಾಲ್ಕು ಬೇವಿನ ಗಿಡ, ಸುಣ್ಣ ಬಳಿದ ಶಿಲುಬೆಗಳು. ಗೌಡರು ಹಿಂದೆ ಯಾವಾಗಲೋ 'ನಿಮ್ಮ ಹೆಣ ಹೂಳಾಕೆ ಇಟ್ಕಳ್ರಿ' ಎಂದು ಬಾಯಿಮಾತಿನಲ್ಲಿ ಬಿಟ್ಟುಕೊಟ್ಟ ಜಾಗ. ಕ್ರೈಸ್ತರ ಕೇರಿಯವರು ಅದಕ್ಕೆ ಕಾಗದ ಪತ್ರ ಕೇಳಲಿಲ್ಲ, ಗೌಡರು ಕೊಡಲೂ ಇಲ್ಲ. ಮಗಳ ಪಕ್ಕದಲ್ಲಿ ಒಂದು ಆಳು ಮಲಗುವಷ್ಟು ನೆಲವನ್ನು ತೋರಿಸಿ, ಗುಂಡಿ ತೋಡುವ ಇನ್ನಾಸಪ್ಪನಿಗೆ ಚೌರಮ್ಮ ಹೇಳಿಟ್ಟಿದ್ದಳು: 'ಇದು ನಂದು. ಬ್ಯಾರೆ ಯಾರನ್ನೂ ಹಾಕಬ್ಯಾಡ.'

'ಆತು ತಗಾ, ನಿನಗೇ ಇಟ್ಟೀನಿ' ಎಂದಿದ್ದ ಇನ್ನಾಸಪ್ಪ. 'ನೀನು ಅವಸರ ಮಾಡಬ್ಯಾಡ ಅಷ್ಟೇ.'

ಅವಳಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಆ ನೆಲವೊಂದೇ. ಸತ್ತ ಮೇಲಾದರೂ ಮಗಳ ಪಕ್ಕದಲ್ಲಿ ಇರಬೇಕು, ಮತ್ತೆ ಎದ್ದು ಹೋಗಬಾರದು. ಇಷ್ಟನ್ನು ಯಾರಿಗೂ ಬಿಡಿಸಿ ಹೇಳಿದವಳಲ್ಲ, ಆದರೆ ಕೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಹಾರಾಜರ ಹೆಸರಿನಲ್ಲಿ ಅಮಲ್ದಾರರು ಊರು ನಡೆಸುತ್ತಿದ್ದ ಕಾಲ ಹೋಗಿ, ದೇಶದ ಮೊದಲ ದೊಡ್ಡ ಚುನಾವಣೆಯೂ ಆಗಿಹೋಗಿತ್ತು. ಅಷ್ಟರಲ್ಲಿ ಶಿವಯೋಗಪ್ಪಗೌಡರು ಕಣ್ಣು ಮುಚ್ಚಿದರು. ಹದಿನೈದು ದಿನ ಕಳೆದಿತ್ತೋ ಇಲ್ಲವೋ, ಅವರ ಮಗ ವಾಮದೇವಪ್ಪ ಸೈಕಲ್ ಏರಿ ಕೇರಿಗೆ ಬಂದ. ದುಷ್ಟನಲ್ಲ, ಮಾತು ಬಹಳ ಮೆತ್ತಗೆ. ಅಂಥವರ ಹತ್ತಿರ ಜಗಳವಾಡುವುದೂ ಕಷ್ಟ.

'ನೋಡ್ರಿ, ಆ ಹೊಲ ಹತ್ತಿ ಬೀಜ ಬಿಡಿಸೋ ಜಿನ್ನು ಹಾಕೋರಿಗೆ ಮಾತಾಡೀನಿ. ನಿಮ್ಮ ತುಂಡೂ ಅದರಾಗೇ ಬರ್ತೈತೆ. ಅಪ್ಪಾರು ಬಾಯಿಮಾತಿಗೆ ಕೊಟ್ಟಿದ್ರು, ಅವರೇ ಹೋದ್ರಲ್ಲ. ನಾನೇನು ಕಟುಕನಲ್ಲ, ಬ್ಯಾರೆ ಕಡೆ ಜಾಗ ನೋಡ್ಕಳಾಕೆ ಟೈಮ್ ಕೊಡ್ತೀನಿ.'

ಕೇರಿಯವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಮುಂದೆ ಬಂದವರು ಶಾಲೆಯ ದಾವಿದಪ್ಪ ಮಾಸ್ತರು. ಕೋಲಾರದ ಕಡೆಯ ತೆಳ್ಳನೆಯ ಮನುಷ್ಯ, ಅಂಚೆಯಲ್ಲಿ ನಾಲ್ಕಾರು ಪತ್ರಿಕೆ ತರಿಸಿಕೊಂಡು ಓದುವವರು, ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವರು. ಅವರಿಗೆ ದಾರಿ ಕಂಡಿತ್ತು. ಪುರಸಭೆ ಮನಸ್ಸು ಮಾಡಿ ಒಂದು ಠರಾವು ಮಾಡಿದರೆ ಸಾಕು, ಅದು ಕಾಯಂ ರುದ್ರಭೂಮಿಯಾಗುತ್ತದೆ, ಗೌಡರ ಮಗನಿರಲಿ, ಯಾರೂ ಮಾರುವಂತಿಲ್ಲ. ಠರಾವಾಗಬೇಕಾದರೆ ನಮ್ಮ ವಾರ್ಡಿನಿಂದ ನಮ್ಮವನೊಬ್ಬ ಗೆಲ್ಲಬೇಕು. ಪುರಸಭೆಯ ಚುನಾವಣೆಯೂ ಹತ್ತಿರ ಬಂದಿತ್ತು. ಹಿಂದೆ ಕಂದಾಯ ಕಟ್ಟುವ ದೊಡ್ಡವರಿಗಷ್ಟೇ ಇದ್ದ ಓಟು ಈಗ ಎಲ್ಲರಿಗೂ ಎಂದು ತಮಟೆ ಹೊಡೆದು ಸಾರಿದ್ದರು. ಸೂಲಗಿತ್ತಿಗೂ ಒಂದು ಓಟು, ಗುಂಡಿ ತೋಡುವವನಿಗೂ ಒಂದು. ವಾಮದೇವಪ್ಪನೂ ಅದೇ ವಾರ್ಡಿನಿಂದ ನಿಲ್ಲುತ್ತಾನೆಂದು ಸುದ್ದಿಯಾಯಿತು.

ಆದರೆ ಕ್ರೈಸ್ತರು ಎಷ್ಟು ಜನ? ಮುಷ್ಟಿಯಷ್ಟು. ಮಾಸ್ತರು ದಾವಣಗೆರೆಯ ಪಂಚಾಕ್ಷರಪ್ಪನವರನ್ನು ಹಿಡಿದರು. ಮಂಡಿಪೇಟೆಯಲ್ಲಿ ಹತ್ತಿ, ಶೇಂಗಾದ ಮಂಡಿ ಅವರದು; ಮನೆ, ಓಟು ಎರಡೂ ಹರಿಹರದಲ್ಲಿ. ವಾಮದೇವಪ್ಪನಿಗೂ ಅವರಿಗೂ ವ್ಯಾಪಾರದಲ್ಲಿ ಹಳೆಯ ಮುನಿಸು. ಸಾಲದ್ದಕ್ಕೆ ಅವರ ತಾಯಿಯನ್ನು ಹೂಳಿದ ಗದ್ದುಗೆ ಇದ್ದದ್ದು ಆ ಸಮಾಧಿ ತೋಟದ ಬೇಲಿಗೆ ಹೊಂದಿಕೊಂಡೇ.

ಒಂದು ಮಧ್ಯಾಹ್ನ ಮಾಸ್ತರು, ಇನ್ನಾಸಪ್ಪ, ಚೌರಮ್ಮ ರೈಲು ಹತ್ತಿ ದಾವಣಗೆರೆಗೆ ಹೋದರು. ಮಂಡಿಯ ಮಾಳಿಗೆಯ ಮೇಲೆ ಸಭೆ. ಕೆಳಗೆ ಹಮಾಲರ ಕೂಗು, ಮೂಟೆ ಬೀಳುವ ಸದ್ದು. ಮೇಲೆ ಬಿಳಿಯ ಗಾದಿಯ ಮೇಲೆ ಪಂಚಾಕ್ಷರಪ್ಪನವರೂ ಇನ್ನಿಬ್ಬರು ವರ್ತಕರೂ ಕೂತಿದ್ದರು. ಮಾಸ್ತರಿಗೆ ಕುರ್ಚಿ ಸಿಕ್ಕಿತು. ಚೌರಮ್ಮ, ಇನ್ನಾಸಪ್ಪ ಗೋಣಿಚೀಲದ ಅಟ್ಟಿಯ ಮೇಲೆ ಕೂತರು. ಚಹಾ ಎಲ್ಲರಿಗೂ ಬಂತು, ಲೋಟ ಮಾತ್ರ ಒಂದೇ ತರಹದ್ದಲ್ಲ. ಚೌರಮ್ಮ ಅದನ್ನು ನೋಡಿಯೂ ನೋಡದ ಹಾಗೆ ಕುಡಿದಳು.

ಮಾಸ್ತರು ಎದ್ದು ನಿಂತು ಮಾತಾಡಿದರು. 'ಲಡಾಯಿ ಮುಗಿದ ಮೇಲೆ ಇಟಲಿ, ಜರ್ಮನಿಯಲ್ಲಿ ನಮ್ಮ ಕ್ರೈಸ್ತರು ಇಂಥದ್ದೇ ಪಾರ್ಟಿ ಕಟ್ಟಿದ್ದಾರೆ. ಸಾಹುಕಾರನ್ನ ಹೊಡಿ ಅನ್ನೋದಿಲ್ಲ, ಬಡವನ್ನ ತುಳಿ ಅನ್ನೋದಿಲ್ಲ. ದೇವರಿಗೆ ಹೆದರಿಕೊಂಡು ನಟ್ಟನಡುವೆ ನಡೆಯೋದು. ನಾವೂ ಹಾಗೇ ಒಂದು ಕೂಟ ಮಾಡೋಣ.'

'ನಟ್ಟನಡುವೆ ನಡೆಯೋನಿಗೆ ಎರಡೂ ಕಡೆ ಗಾಡಿ ಬಡಿತಾವಲ್ರೀ ಮಾಸ್ತರ' ಎಂದು ಪಂಚಾಕ್ಷರಪ್ಪನವರು ಹೊಟ್ಟೆ ಕುಣಿಸಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: 'ಇಟಲಿ ಪಿಟಲಿ ನನಗೆ ಗೊತ್ತಿಲ್ಲ. ನೀವೂ ಹೂಳೋರು, ನಾವೂ ಹೂಳೋರು, ಆ ಭಟ್ಟಿ ಸಾಬರೂ ಹೂಳೋರು. ಸುಡೋರಿಗೆ ಹೊಳೆದಂಡಿ ಸಾಕು, ನಮಗೆ ನೆಲ ಬೇಕು. ಈ ಒಂದು ಮಾತಿನ ಮ್ಯಾಲೆ ಕೂಡೋಣ. ನಾನು ನಿಲ್ತೀನಿ.'

ಹಾಗೆ ಹುಟ್ಟಿತು ಪ್ರಜಾ ಧರ್ಮ ಕೂಟ. ಹೆಸರು ಮಾಸ್ತರದು, ಖರ್ಚು ಪಂಚಾಕ್ಷರಪ್ಪನವರದು. ಗುರುತು ತಕ್ಕಡಿ. ಎದುರಾಳಿಗಳು ಸುಮ್ಮನಿರುತ್ತಾರೆಯೇ? 'ತಕ್ಕಡಿ ಹಿಡಿದೋನು ತೂಕದಾಗೆ ಹೊಡೀತಾನೆ' ಎಂದು ಹಾಡು ಕಟ್ಟಿದರು. ಚಹಾದಂಗಡಿಗಳಲ್ಲಿ ಕೂಟಕ್ಕೆ 'ಹೂಳೋರ ಪಾರ್ಟಿ' ಎಂದೇ ಹೆಸರು ಬಿತ್ತು. 'ಗೆದ್ರೆ ನಮ್ಮನ್ನೂ ಹೂಳ್ತಾರೆ ಕಣ್ರಪ್ಪೋ' ಎಂದು ನಗುತ್ತಿದ್ದರು.

ಹೆಂಗಸರ ಓಟನ್ನು ಹೊರಡಿಸುವ ಕೆಲಸ ಚೌರಮ್ಮನ ಪಾಲಿಗೆ ಬಂತು. ಅದು ಅವಳಿಂದಲೇ ಆಗುವ ಕೆಲಸ. ಅವಳು ಕಾಲಿಡದ ಬಾಣಂತಿ ಕೋಣೆ ವಾರ್ಡಿನಲ್ಲಿ ಇರಲಿಲ್ಲ. ಓಣಿ ಓಣಿ ತಿರುಗಿದಳು. ಗುರುತಿನ ಚೀಟಿಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಹಿತ್ತಲ ಬಾಗಿಲಿಂದ ಹೋಗುವಳು. 'ಒಂದೊಂದು ಪೆಟ್ಟಿಗಿ ಮ್ಯಾಲೆ ಒಂದೊಂದು ಚಿತ್ರ ಅಂಟಿಸಿರ್ತಾರೆ. ತಕ್ಕಡಿ ಚಿತ್ರ ನೋಡು, ಅದರ ಸೀಳಿನಾಗೆ ಚೀಟಿ ಹಾಕು, ಹಿಂದೆ ನೋಡದಂಗೆ ಬಾ' ಎಂದು ಹೇಳಿಕೊಡುವಳು. ರೈತರ ಕೇರಿಯ ಹಂಪವ್ವನಂಥ ಗಟ್ಟಿ ಹೆಂಗಸು ಕೂಡ ನಾಚಿ, 'ಗಂಡನ ಹೆಸರು ಕೇಳಿದ್ರೆ ಹೆಂಗೆ ಹೇಳಾದು ಚೌರವ್ವಾ?' ಎಂದಳು. 'ಹೆಸರು ನಾನು ಹೇಳ್ತೀನಿ, ನೀನು ತಲಿ ಆಡ್ಸು' ಎಂದು ಚೌರಮ್ಮ ನಗಿಸಿದಳು. ಭಟ್ಟಿ ಸಾಲನ್ನು ಖೈರುನ್ನೀಸಾ ಹೊತ್ತುಕೊಂಡಳು. 'ಚೌರಕ್ಕ, ನನ್ನ ಕೂಸು ಉಳಿಸಾಕ ಹೋಗಿ ನಿನ್ನ ಕೂಸು ಕಳ್ಕಂಡಿ. ಅದರ ಗೋರಿ ಆದ್ರೂ ಉಳಿಸ್ಕಳ್ಳಾನ. ಬುರ್ಖಾ ಹಾಕಿಸಿ ಎಲ್ಲಾರನ್ನೂ ಹೊಂಡಿಸ್ತೀನಿ ಬಿಡು' ಎಂದಳು. ಆ ಎರಡು ತಿಂಗಳು ಚೌರಮ್ಮ ಸ್ವಲ್ಪ ಬದುಕಿದಳು ಎಂದೇ ಹೇಳಬೇಕು.

ಮತದಾನದ ದಿನ ಗೊತ್ತಾಯಿತು. ನವೆಂಬರ್ ಎರಡು.

ಅದು ಸತ್ತವರ ಹಬ್ಬ. ವರ್ಷಕ್ಕೊಂದು ಸಲ ಆ ದಿನ ಪ್ರತಿ ಮನೆಯವರೂ ತಮ್ಮ ಸಮಾಧಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ ಪಕ್ಕದಲ್ಲೇ ಕೂರುತ್ತಾರೆ. ಪಾದ್ರಿ ಸ್ವಾಮಿಗಳು ಬಂದು ಸಾಲಿನಲ್ಲಿ ಒಂದೊಂದೇ ಸಮಾಧಿಗೆ ತೀರ್ಥ ಚಿಮುಕಿಸಿ ಮಂತ್ರ ಹೇಳುವವರೆಗೂ ಕೂತವರು ಏಳುವಂತಿಲ್ಲ. ಆವತ್ತು ಆತ್ಮ ಬಂದು ತನ್ನವರಿಗಾಗಿ ಕಾದು ಕೂತಿರುತ್ತದಂತೆ. ತೀರ್ಥ ಬೀಳುವ ಮುಂಚೆ ಎದ್ದು ಬೆನ್ನು ತಿರುಗಿಸಿದರೆ ಅದು ಬಾಯಾರಿಕೊಂಡೇ ವಾಪಸ್ ಹೋಗುತ್ತದಂತೆ. ಯಾವ ಪುಸ್ತಕದಲ್ಲೂ ಹೀಗೆ ಬರೆದಿಲ್ಲ ಎಂದು ಮಾಸ್ತರು ಎಷ್ಟೋ ಸಲ ಹೇಳಿದ್ದರು. ಪುಸ್ತಕ ನೋಡಿ ಯಾರು ಸತ್ತವರ ಹಬ್ಬ ಮಾಡುತ್ತಾರೆ?

'ಗಾಬರಿ ಬೇಡ' ಎಂದರು ಮಾಸ್ತರು. 'ಸ್ವಾಮಿಗಳು ಬೆಳಗಿನ ರೈಲಿಗೆ ಬರ್ತಾರೆ. ಹತ್ತು ಗಂಟೆಗೆಲ್ಲ ತೀರ್ಥ ಮುಗಿಯುತ್ತೆ. ಅಲ್ಲಿಂದ ನೇರವಾಗಿ ಎಲ್ಲರೂ ಓಟಿಗೆ. ಐದು ಗಂಟೆಯವರೆಗೆ ಟೈಮ್ ಇದೆ.'

ಸರಿ ಎಂದರು ಎಲ್ಲರೂ. ಮೊದಲು ಓಟು ಹಾಕಿ ಆಮೇಲೆ ಸಮಾಧಿಗೆ ಹೋಗೋಣ ಎನ್ನುವ ಮಾತನ್ನು ಯಾರೂ ಆಡಲಿಲ್ಲ. ಆ ದಿನ ಸತ್ತವರನ್ನು ಕಾಣದೆ ಬೇರೆ ಕೆಲಸಕ್ಕೆ ಕೈ ಹಾಕುವುದು ಅವರ ತಲೆಗೆ ಬರುವ ಯೋಚನೆಯೇ ಅಲ್ಲ.

ಆ ಬೆಳಿಗ್ಗೆ ಇಡೀ ಕೇರಿ ಸಮಾಧಿ ತೋಟದಲ್ಲಿತ್ತು. ಚೌರಮ್ಮ ಮಗಳ ಸಮಾಧಿಗೆ ಸೇವಂತಿಗೆ ಹೂವಿಟ್ಟು, ಬತ್ತಿ ಹಚ್ಚಿ, ಜಪಸರ ಹಿಡಿದು ಕೂತಳು. ಎಂಟಾಯಿತು, ಒಂಬತ್ತಾಯಿತು, ರೈಲಿನ ಕೂಗು ಕೇಳಲಿಲ್ಲ. ಸ್ಟೇಷನ್ನಿಗೆ ಓಡಿಹೋದ ಮಾಸ್ತರು ಮುಖ ಸಪ್ಪಗೆ ಮಾಡಿಕೊಂಡು ಬಂದರು. ಬೀರೂರಿನ ಈಚೆ ಗೂಡ್ಸ್ ಗಾಡಿಯ ಡಬ್ಬಿಯೊಂದು ಹಳಿ ತಪ್ಪಿ ಅಡ್ಡ ನಿಂತಿದೆ, ಹಿಂದಿನ ಗಾಡಿಗಳೆಲ್ಲ ಅಲ್ಲಲ್ಲೇ ನಿಂತಿವೆ. ಯಾವಾಗ ಬರುತ್ತದೋ ಸ್ಟೇಷನ್ ಮಾಸ್ತರಿಗೇ ಗೊತ್ತಿಲ್ಲ.

ಮಧ್ಯಾಹ್ನವಾಯಿತು. ಬತ್ತಿಗಳು ಕರಗಿ ಹೋದವು, ಹೊಸದು ಹಚ್ಚಿದರು. ಮಕ್ಕಳು ಹಸಿವೆಂದು ಅತ್ತವು. ಪಂಚಾಕ್ಷರಪ್ಪನವರ ಕಡೆಯ ಆಳುಗಳು ಬಂದು ಬೇಲಿಯಾಚೆಯಿಂದಲೇ ಕೂಗಿದರು. 'ಬರ್ರಿ ಬೇಗ, ಅವರ ಕಡೇರು ಗಾಡಿಗಟ್ಟಲೆ ಬರಾಕತ್ಯಾರ!' ಒಬ್ಬರೂ ಏಳಲಿಲ್ಲ. ಮಾಸ್ತರು ಸಮಾಧಿಯಿಂದ ಸಮಾಧಿಗೆ ಓಡಾಡಿ ಕೈ ಮುಗಿದರು. 'ಒಂದು ಗಳಿಗೆ ಹೋಗಿ ಓಟು ಹಾಕಿ ಬನ್ನಿ, ನಿಮ್ಮ ಕಾಲಿಗೆ ಬೀಳ್ತೀನಿ. ಈ ನೆಲ ಉಳಿಸೋಕೇ ಅಲ್ಲವೇನ್ರೋ ಇದೆಲ್ಲ?'

'ಎಲ್ಲಾ ಖರೇ ಐತ್ರಿ ಮಾಸ್ತರ' ಎಂದಳು ಒಬ್ಬ ಮುದುಕಿ. 'ಹೋಗಿ ಬರೋವಷ್ಟರಾಗೆ ಸ್ವಾಮ್ಯಾರು ಬಂದು ನಮ್ಮ ಗೋರಿ ದಾಟಿ ಹೋಗಿಬಿಟ್ರೆ? ಚೌರವ್ವ ಎದ್ರೆ ನಾನೂ ಏಳ್ತೀನಿ.'

ಆ ಮಾತಿಗೆ ಎಲ್ಲರೂ ಚೌರಮ್ಮನ ಕಡೆ ತಿರುಗಿದರು.

ಅದೇ ಹೊತ್ತಿಗೆ ಖೈರುನ್ನೀಸಾ ಏದುಸಿರು ಬಿಡುತ್ತ ಬಂದಳು. 'ಚೌರಕ್ಕಾ, ನಾಲ್ಕೂವರೆ ಆತು! ನಮ್ಮೋರೆಲ್ಲ ಹಾಕಿದ್ರು. ಹಂಪವ್ವನೂ ಹಾಕಿದ್ಲು. ನೀವೇ ಇಲ್ಲ ಅಂದ್ರೆ ಹೆಂಗೆ? ಏಳು, ಎಲ್ಲಾರನ್ನೂ ಎಬ್ಬಿಸು. ಪೆಟ್ಟಿಗಿ ಮುಚ್ಚಿಬಿಡ್ತಾರೆ!'

ಚೌರಮ್ಮನಿಗೆ ಎಲ್ಲವೂ ಅರ್ಥವಾಗುತ್ತಿತ್ತು. ತಾನು ಎದ್ದರೆ ಎಲ್ಲರೂ ಏಳುತ್ತಾರೆ, ಎದ್ದರೆ ನೆಲ ಉಳಿದರೂ ಉಳಿದೀತು. ನೆಲಕ್ಕೆ ಕೈಯೂರಿ ಅರ್ಧ ಎದ್ದಳು ಕೂಡ. 'ಬಂದುಬಿಡ್ತೀನಿ' ಎಂದು ಬಾಯಿಗೆ ಬಂತು. ಅಷ್ಟೇ. ಹಿಂದೊಂದು ದಿನ ಇದೇ ಮಾತು ಹೇಳಿ, ಇದೇ ಖೈರುನ್ನೀಸಾಳ ಮನೆಗೆ ಎದ್ದು ಹೋಗಿದ್ದಳು. ಬಾಗಿಲು ನೋಡುತ್ತಾ ಮಲಗಿದ್ದ ಮಗಳನ್ನು ಬಿಟ್ಟು ಇನ್ನೊಂದು ಸಲ ಹೇಗೆ ಏಳುವುದು? ಚೌರಮ್ಮ ಮತ್ತೆ ಕೂತುಬಿಟ್ಟಳು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಉಳಿದವರೂ ಕೂತೇ ಇದ್ದರು. ಖೈರುನ್ನೀಸಾ ಹೊರಟುಹೋದಳು.

ಪಾದ್ರಿ ಸ್ವಾಮಿಗಳು ಬಂದಾಗ ಹೊತ್ತು ಮುಳುಗುತ್ತಿತ್ತು. ಪಾಪ, ಅರ್ಧ ದಾರಿ ಎತ್ತಿನ ಗಾಡಿ, ಉಳಿದರ್ಧ ಲಾರಿ ಹಿಡಿದು, ಮೈಯೆಲ್ಲ ಧೂಳಾಗಿ ಬಂದಿದ್ದರು. ಎಲ್ಲರೂ ಕೂತಿದ್ದನ್ನು ಕಂಡು ಅವರ ಕಣ್ಣಲ್ಲಿ ನೀರು ಬಂತು. 'ಎಂಥ ಭಕ್ತಿ ನಿಮ್ಮದು!' ಎಂದರು. ಮಾಸ್ತರು ಬಾವಿಯ ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು.

ಪೆಟ್ಟಿಗೆ ಒಡೆದು ಎಣಿಸಿದಾಗ ವಾಮದೇವಪ್ಪ ಗೆದ್ದಿದ್ದ. ಕೂದಲೆಳೆಯ ಅಂತರ. ಸಮಾಧಿ ತೋಟದಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಎದ್ದು ಬಂದಿದ್ದರೂ ಫಲಿತಾಂಶ ತಿರುಗುತ್ತಿತ್ತು. ಚಹಾದಂಗಡಿಯವರಿಗೆ ಹಬ್ಬವೋ ಹಬ್ಬ. ಹೂಳೋರ ಪಾರ್ಟಿ ತನ್ನನ್ನು ತಾನೇ ಹೂಳಿಕೊಂಡಿತು ಎಂದು ತಿಂಗಳುಗಟ್ಟಲೆ ಆಡಿಕೊಂಡರು.

ಮಂಡಿಪೇಟೆಯ ಮಾಳಿಗೆಯ ಮೇಲೆ ಮತ್ತೊಂದು ಸಭೆ, ಕೊನೆಯದು, ನಡೆಯಿತು. ಈ ಸಲ ಚಹಾ ಬರಲಿಲ್ಲ. 'ನಮ್ಮೋರು ಹಾಕಿದ್ರು, ಸಾಬರು ಹಾಕಿದ್ರು, ರೈತರ ಕೇರಿಯೋರೂ ಹಾಕಿದ್ರು. ಯಾರ ಸಲುವಾಗಿ ಕೂಟ ಕಟ್ಟಿದ್ವೋ ಅವರೇ ಕೈ ಕೊಟ್ರು' ಎಂದರು ಪಂಚಾಕ್ಷರಪ್ಪನವರು. ಸಿಟ್ಟಿಗಿಂತ ನೋವೇ ಹೆಚ್ಚಿತ್ತು ಅವರ ದನಿಯಲ್ಲಿ. 'ಅವ್ವನ ಗದ್ದುಗಿ ನಮ್ಮ ಸ್ವಂತ ಜಾಗದಾಗೈತೆ, ಅದಕ್ಕೇನೂ ಆಗಲ್ಲ. ನಿಮ್ಮ ಸಲುವಾಗಿ ನಾನು ಊರ ಮುಂದೆ ನಗೆಪಾಟಲಾದೆ. ಸಾಕ್ರಿ ಮಾಸ್ತರ, ಇಲ್ಲಿಗೆ ಮುಗೀತು.' ಮಾಸ್ತರು ಬೇಸಿಗೆ ರಜೆಗೆ ಕೋಲಾರಕ್ಕೆ ಹೋದವರು ವರ್ಗ ಮಾಡಿಸಿಕೊಂಡು ಅಲ್ಲೇ ಉಳಿದರು. ಹುಟ್ಟಿ ಮೂರು ತಿಂಗಳೂ ತುಂಬದ ಕೂಟ ಹಾಗೆ ಸತ್ತಿತು. ಅದಕ್ಕೆ ಅತ್ತವರೂ ಯಾರಿಲ್ಲ.

ಗೋಣಿಚೀಲದ ಮೇಲೆ ಕೂತು ಚೌರಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತಾನು ಕೂತದ್ದರಿಂದ ಎಲ್ಲರೂ ಕೂತರು ಎಂದು ಅವಳಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ.

ಹೊಲ ಮಾರಾಟವಾಯಿತು. ಆದರೂ ವಾಮದೇವಪ್ಪ ತಾನೇ ಮುಂದಾಗಿ ಊರಾಚೆ ಕಲ್ಲುಗುಡ್ಡದ ಬದಿಗೆ ಬೇರೆ ಜಾಗ ಕೊಡಿಸಿದ, ಈ ಸಲ ಕಾಗದ ಮಾಡಿಯೇ. ಜಿನ್ನು ಹಾಕುವ ಸಾಹುಕಾರರದು ಒಂದೇ ಷರತ್ತು: ಒಂದು ಎಲುಬೂ ಒಳಗೆ ಉಳಿಯಬಾರದು. ಹೆಣದ ಮೇಲೆ ಯಂತ್ರ ಕೂಡಿಸಿದರೆ ಏಳಿಗೆಯಾಗುವುದಿಲ್ಲ. ಉಳಿದದ್ದು ಕಂಡರೆ ಅಗೆಸಿ ಹೊಳೆಗೆ ಹಾಕಿಸುತ್ತೇವೆ ಎಂದು ಹೇಳಿ ಕಳಿಸಿದರು.

ಇನ್ನಾಸಪ್ಪ ಒಂದು ಕಡೆಯಿಂದ ಅಗೆಯುತ್ತ ಬಂದ. ಮನೆಮನೆಯವರು ಮುಂದೆ ನಿಂತು, ಸಿಕ್ಕಿದ್ದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಸಣ್ಣ ಪೆಟ್ಟಿಗೆಗಳಲ್ಲಿ ಹೊತ್ತುಕೊಂಡು ಹೋದರು. ಲೂರ್ದುವಿನ ಸರದಿ ಬಂದಾಗ ಊಟದ ಹೊತ್ತು, ಸುತ್ತ ಯಾರೂ ಇರಲಿಲ್ಲ. ಇನ್ನಾಸಪ್ಪ ಗುದ್ದಲಿ ಎತ್ತಿದ. ಚೌರಮ್ಮ ಗುದ್ದಲಿಯ ಕಾವು ಹಿಡಿದುಕೊಂಡಳು.

'ಬ್ಯಾಡ ಇನ್ನಾಸಣ್ಣ. ಮಲಗಿದ್ದನ್ನ ಎಬ್ಬಿಸಬ್ಯಾಡ.'

'ತಲಿ ಕೆಟ್ಟೈತೇನು ನಿನಗ? ನಾಳೆ ಅವರು ಅಗೆದು ಹೊಳಿಗೆ ಹಾಕಿದ್ರೆ?'

'ಗೊತ್ತಾದ್ರೆ ತಾನೇ ಹಾಕೋದು? ಶಿಲುಬಿ ಕಿತ್ತು ಮ್ಯಾಲೆ ಮಣ್ಣು ಸಮ ಮಾಡು. ಪೆಟ್ಟಿಗಿ ಬರಿದೇ ಹೊಂಡಿಸಾನ. ನೀನು ಸಾಯೋತನ ಬಾಯಿ ಬಿಡಬ್ಯಾಡ, ನಾನೂ ಬಿಡಲ್ಲ.'

ಇನ್ನಾಸಪ್ಪ ಶಿಲುಬೆ ಕಿತ್ತು ಪಕ್ಕಕ್ಕಿಟ್ಟ. ಆಮೇಲೆ ತೋರಿಕೆಗೆ ಎರಡು ಗುದ್ದಲಿ ಮಣ್ಣು ಕೆದಕಿ ಮುಚ್ಚಿದ. ಸಂಜೆ ಕಲ್ಲುಗುಡ್ಡದ ಬದಿಯ ಹೊಸ ತೋಟದಲ್ಲಿ, ಉಳಿದ ಪೆಟ್ಟಿಗೆಗಳ ಸಾಲಿನಲ್ಲಿ, ಆ ಬರಿದಾದ ಪೆಟ್ಟಿಗೆಗೂ ಸ್ವಾಮಿಗಳು ತೀರ್ಥ ಹಾಕಿದರು. ಅದರ ತಲೆಯ ಬಳಿ ಲೂರ್ದು ಎಂದು ಬರೆದ ಶಿಲುಬೆಯನ್ನೂ ನೆಟ್ಟರು.

ಪಾಯ ತೋಡುವ ದಿನಗಳಲ್ಲಿ ಚೌರಮ್ಮನ ಜೀವ ಕೈಯಲ್ಲಿತ್ತು. ಸೌದೆ ಆರಿಸುವ ನೆವ ಮಾಡಿಕೊಂಡು ದಿನವೂ ಅಲ್ಲೇ ಸುಳಿದಾಡಿದಳು. ಪಾಯದ ಕಾಲುವೆ ಮಗಳ ಪಕ್ಕದಲ್ಲೇ, ತನಗೆಂದು ಇಟ್ಟುಕೊಂಡಿದ್ದ ನೆಲವನ್ನು ಕೊರೆದುಕೊಂಡು ಹೋಯಿತು. ಮಗಳಿಗೆ ತಾಗಲಿಲ್ಲ. ಅಲ್ಲಿಗೆ ಹತ್ತಿ ಆರಿಸುವ ಶೆಡ್ಡಿನ ಗೋಡೆ ಎದ್ದಿತು, ಒಳಗೆ ನೆಲಕ್ಕೆ ಕಡಪಾ ಕಲ್ಲು ಹಾಸಿದರು. ಲೂರ್ದು ಶೆಡ್ಡಿನ ಮೂಲೆಯಲ್ಲಿ, ಕಲ್ಲಿನ ಕೆಳಗೆ ಉಳಿದಳು.

ಜಿನ್ನು ಶುರುವಾದ ಮೊದಲ ವಾರವೇ ಚೌರಮ್ಮ ಕೂಲಿಗೆ ಸೇರಿದಳು. ಊರು ಬಾಯಿ ಬಿಟ್ಟುಕೊಂಡು ನೋಡಿತು. ಬಾಣಂತಿಯರು ಕರೆದರೆ 'ನನ್ನ ಕೈ ನಡುಗ್ತೈತವ್ವ, ಬ್ಯಾರೇರನ್ನ ನೋಡ್ಕಳ್ರಿ' ಎನ್ನುವಳು. ಬೆಳಗಿನಿಂದ ಸಂಜೆಯವರೆಗೆ ಆ ಮೂಲೆಯ ಕಲ್ಲಿನ ಮೇಲೆ ಕೂತು, ಹತ್ತಿಯೊಳಗಿನ ಎಲೆ, ಕಡ್ಡಿ, ಕೊಳೆತ ಕಾಯಿ ಆರಿಸುವಳು. ಅಲ್ಲಿ ಬೆಳಕು ಕಡಿಮೆ. ಮೇಸ್ತ್ರಿ ಸೂರಪ್ಪ ಒಳ್ಳೆಯವನು, 'ಈ ಕಡೀಗೆ ಬಾರಬೇ, ಕಣ್ಣು ಹಾಳು ಮಾಡ್ಕಂತೀಯ' ಎಂದು ಕಿಟಕಿಯ ಬಳಿ ಜಾಗ ಕೊಟ್ಟ. 'ಇರ್ಲಿ ಬಿಡಪ್ಪ, ನನಗೆ ಇಲ್ಲೇ ತಂಪು' ಎಂದಳು. ಹೀಗೆ ವರ್ಷಗಳು ಹೋದವು. ಇನ್ನಾಸಪ್ಪ ಸತ್ತ, ಬಾಯಿ ಬಿಡದೆಯೇ ಸತ್ತ. ಮತ್ತೆ ಎಷ್ಟೋ ಚುನಾವಣೆಗಳು ಬಂದು ಹೋದವು. ಗುರುತಿನ ಚೀಟಿ ಹಿಡಿದು ಬಂದವರಿಗೆ ಅವಳು ಬಾಗಿಲು ತೆರೆಯಲಿಲ್ಲ.

ಸತ್ತವರ ಹಬ್ಬದ ದಿನವೂ ಅವಳು ಕೆಲಸಕ್ಕೆ ಹೋಗುತ್ತಿದ್ದಳು. ಕೇರಿಯೆಲ್ಲ ಹೂವು, ಬತ್ತಿ ಹಿಡಿದು ಕಲ್ಲುಗುಡ್ಡದ ಕಡೆ ನಡೆದರೆ, ಚೌರಮ್ಮ ಬುತ್ತಿ ಕಟ್ಟಿಕೊಂಡು ಜಿನ್ನಿನ ಕಡೆ ನಡೆಯುವಳು. ಮೊದಮೊದಲು ದುಃಖಕ್ಕೆ ಹೀಗಾಗಿದೆ ಎಂದರು. ಆಮೇಲೆ ಮೂಗು ಮುರಿದರು. ಅರವತ್ತನಾಲ್ಕನೇ ಇಸವಿಯಲ್ಲಿ ಹೊಸದಾಗಿ ಬಂದ ಎಳೆಯ ಪಾದ್ರಿಗಳು ಪೂಜೆಯ ಮಧ್ಯೆ ಎಲ್ಲರೆದುರು ಅಂದೇಬಿಟ್ಟರು: 'ಈ ಊರಿನಲ್ಲಿ ಒಬ್ಬ ತಾಯಿ ಇದ್ದಾಳೆ. ಒಂದು ದಿನದ ಕೂಲಿಯ ಆಸೆಗೆ ಹೆತ್ತ ಮಗಳ ಸಮಾಧಿಗೆ ಒಂದು ಬತ್ತಿ ಹಚ್ಚಲಾರಳು. ಅಂಥವಳ ಮನಸ್ಸಿಗಾಗಿ ಪ್ರಾರ್ಥಿಸೋಣ.' ಹೆಂಗಸರೆಲ್ಲ ತಿರುಗಿ ಅವಳನ್ನೇ ನೋಡಿದರು. ಚೌರಮ್ಮ ಮುಸುಕು ಮುಂದಕ್ಕೆ ಎಳೆದುಕೊಂಡು, ತನ್ನ ಮನಸ್ಸಿಗಾಗಿ ತಾನೂ ಉಳಿದವರ ಜೊತೆ ಪ್ರಾರ್ಥನೆ ಹೇಳಿದಳು. ಬಾಯಿ ಬಿಟ್ಟರೆ ಸುದ್ದಿ ಸಾಹುಕಾರರಿಗೆ ಮುಟ್ಟಲು ಒಂದು ದಿನ ಸಾಕು, ಕಲ್ಲು ಏಳಲು ಇನ್ನೊಂದು ದಿನ.

ಆ ವರ್ಷದ ನವೆಂಬರ್ ಎರಡರಂದೂ ಅವಳು ಮೂಲೆಯಲ್ಲಿ ಕೂತು ಹತ್ತಿ ಆರಿಸಿದಳು. ಹತ್ತಿಯ ಶೆಡ್ಡು, ಬತ್ತಿ ಹಚ್ಚುವ ಮಾತೇ ಇಲ್ಲ. ಅಂಗೈಯನ್ನು ಕಲ್ಲಿನ ಮೇಲೆ ಊರಿ, ತುಟಿ ಅಲ್ಲಾಡಿಸದೆ ಜಪ ಹೇಳಿಕೊಂಡಳು. ಸಂಜೆ ಮಿಲ್ಲು ಬಿಟ್ಟು ಹೊರಗೆ ಬಂದರೆ ಗೇಟಿನ ಹತ್ತಿರ ಖೈರುನ್ನೀಸಾ ಕಾಯುತ್ತಿದ್ದಳು. ಕೂದಲು ನೆರೆತಿತ್ತು, ಮೊಣಕಾಲು ಹಿಡಿದುಕೊಂಡು ನಿಂತಿದ್ದಳು, ಸೀರೆಗೆಲ್ಲ ಕೆಂಪು ಮಣ್ಣು. ಆ ಚುನಾವಣೆಯ ದಿನದಿಂದ ಇಬ್ಬರ ನಡುವೆ ಮೊದಲಿನಷ್ಟು ಮಾತಿರಲಿಲ್ಲ.

'ಚೌರಕ್ಕ, ನಿಮ್ಮ ಪಾದ್ರಿ ಹಂಗಂದ್ರಂತೆ, ಕೇಳಿ ನನಗೆ ಹೊಟ್ಟಿಯಾಗೆ ಬೆಂಕಿ ಬಿದ್ದಂಗಾತು' ಎಂದಳು. 'ಅದಕ್ಕೇ ನಾನೇ ಹೋಗಿದ್ದೆ. ಬೆಳಿಗ್ಗೆ ಹೋಗಿ ಸುಣ್ಣ ಹಚ್ಚಿ, ಹೂವಿಟ್ಟು, ಬತ್ತಿ ಹಚ್ಚಿ ಕೂತಿದ್ದೆ. ನಿಮ್ಮೋರು ಕಣ್ಣು ಕಣ್ಣು ಬಿಟ್ಟು ನೋಡಿದ್ರು, ನೋಡ್ಲಿ ಬಿಡು. ನಿಮ್ಮ ಪಾದ್ರಿ ಬಂದು ನೀರು ಹಾಕೋತನ ಏಳ್ಲಿಲ್ಲ. ನಿನ್ನ ಮಗಳು ಒಬ್ಬಳೇ ಅನ್ನಂಗೆ ಮಾಡ್ಲಿಲ್ಲ, ತಿಳೀತಾ? ಅವತ್ತು ನನ್ನ ಸಲುವಾಗಿ ನೀನು ಬಿಟ್ಟು ಬಂದಿದ್ದಿ. ಇವತ್ತು ನಿನ್ನ ಸಲುವಾಗಿ ನಾನು ಕೂತಿದ್ದೆ.'

ಚೌರಮ್ಮನಿಗೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು. ಅಲ್ಲಿ ಯಾರೂ ಇಲ್ಲ ಖೈರೂ, ನೀನು ಇಡೀ ದಿನ ಬರೀ ಮಣ್ಣಿನ ಮುಂದೆ ಕೂತಿದ್ದಿ ಎಂದು. ಗೇಟಿನ ಕಾವಲುಗಾರ ಬೀಡಿ ಆರಿಸಿ ಇವರ ಕಡೆಯೇ ನೋಡುತ್ತಿದ್ದ. ಚೌರಮ್ಮ ಬಗ್ಗಿ ಖೈರುನ್ನೀಸಾಳ ಸೀರೆಗೆ ಮೆತ್ತಿದ್ದ ಕೆಂಪು ಮಣ್ಣನ್ನು ನಿಧಾನವಾಗಿ ಕೊಡವಿದಳು.

'ಒಳ್ಳೇದು ಮಾಡಿದಿ ಖೈರೂ' ಎಂದಳು. 'ಬಾ, ಕತ್ತಲಾತು, ಮನಿಗೆ ಹೋಗಾನ.'